ನಾಸ್ತಿಕನ ಮನೆಯ ದೀಪ

ಅಮೆರಿಕದಲ್ಲಿ ನಾಸ್ತಿಕನಾಗಿರುವುದು ಮೈಸೂರಿನಲ್ಲಿದ್ದಷ್ಟು ಸಲೀಸಲ್ಲ. ಅಲ್ಲಿ ನಾನು ದೇವರಿಲ್ಲ ಎಂದು ವಾದಿಸುತ್ತಲೇ ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆ, ಯಾರಿಗೂ ಬೇಸರವಿರಲಿಲ್ಲ. ಇಲ್ಲಿನ ಕೆಂಡಲ್ ಪಾರ್ಕ್ ಎಂಬ ಊರಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ, ಭಾನುವಾರದ ಚರ್ಚು ತಪ್ಪಿಸದ ನಿವೃತ್ತ ಟೀಚರ್, ನೀವು ಯಾವ ದೇವರನ್ನು ನಂಬುತ್ತೀರಿ ಎಂದು ಅಕ್ಕರೆಯಿಂದ ಕೇಳಿದರು. ಯಾವುದನ್ನೂ ಇಲ್ಲ ಎಂದೆ. ಆನೆಮೊಗದ ದೇವರು ಅಂದಿದ್ದರೆ ನಕ್ಕು ತಲೆಯಾಡಿಸುತ್ತಿದ್ದರೇನೋ. ಇದಕ್ಕೆ ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡು, ನಿಮಗಾಗಿ ಪ್ರಾರ್ಥಿಸುತ್ತೇನೆ ಎಂದರು. ಹನ್ನೊಂದು ವರ್ಷ ಪ್ರಾರ್ಥಿಸಿದರು. ನಾನು ಸುಧಾರಿಸಲಿಲ್ಲ, ಆದರೆ ಸ್ನೇಹ ಬೆಳೆಯಿತು. ನಾವು ಊರಿಗೆ ಹೋದಾಗ ಗಿಡಗಳಿಗೆ ನೀರು ಹಾಕಲೆಂದು ನಮ್ಮ ಮನೆಯ ಇನ್ನೊಂದು ಕೀಲಿಕೈ ಸದಾ ಅವರ ಬಳಿಯೇ ಇರುತ್ತಿತ್ತು.

ನನ್ನ ಪಾಲಿನ ಭಕ್ತಿಯನ್ನು ನನ್ನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಕಳೆದ ವರ್ಷ ಅವಳ ಹೃದಯದ ವಾಲ್ವ್ ರಿಪೇರಿಗೆ ಬಂತು. ಆಪರೇಷನ್ನಿನ ಹಿಂದಿನ ದಿನವೇ ಅಡ್ಮಿಟ್ ಮಾಡಿಕೊಂಡರು. ಅವಳು ನನ್ನನ್ನು ಕೇಳಿದ್ದು ಒಂದೇ.

"ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬನ್ನಿ. ನೀವು ನಂಬೋದೇನೂ ಬೇಡ, ಹಚ್ಚಿದ್ರೆ ಸಾಕು."

ಮಾರನೆಯ ಬೆಳಿಗ್ಗೆ ಗಾಬರಿಯಲ್ಲಿ ಎದ್ದು, ಸ್ನಾನ ಮಾಡಿ, ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಆಸ್ಪತ್ರೆಗೆ ಹೋಗುವ ರೂಟ್ ಒನ್ ಹೆದ್ದಾರಿ ಹಿಡಿದೆ. ದೀಪ ನೆನಪಾದದ್ದು ಸ್ಟ್ರೆಚರ್ ಮೇಲಿದ್ದ ಅವಳು ಬಾಯಿಬಿಟ್ಟಾಗ.

"ದೀಪ ಹಚ್ಚಿದ್ರಾ?"

"ಹಚ್ಚಿದೆ ಕಣೇ."

ಅವಳು ನನ್ನ ಮುಖವನ್ನೊಮ್ಮೆ ನೋಡಿ ಕಣ್ಣು ಮುಚ್ಚಿದಳು. ಸ್ಟ್ರೆಚರನ್ನು ಒಳಗೆ ತಳ್ಳಿಕೊಂಡು ಹೋದರು.

ದೇವರಿಗೆ ಸುಳ್ಳು ಹೇಳಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹೇಳಿದ್ದು ಇವಳಿಗೆ. ಎದೆ ಕೊಯ್ಯಿಸಿಕೊಳ್ಳಲು ಹೋದವಳು ನನ್ನ ಸುಳ್ಳನ್ನು ನೆಚ್ಚಿಕೊಂಡು ಹೋದಳಲ್ಲ! ಆಸ್ಪತ್ರೆ ಬಿಟ್ಟು ಹೋಗುವಂತಿರಲಿಲ್ಲ. ಪಕ್ಕದ ಮನೆಯಾಕೆಗೆ ಫೋನ್ ಮಾಡಿ, ನಮ್ಮ ದೇವರಿಗೊಂದು ದೀಪ ಹಚ್ಚಿಕೊಡಿ ಎಂದೆ.

ವಿಗ್ರಹಕ್ಕೆ ತಾನು ಕೈಮುಗಿಯುವಂತಿಲ್ಲ ಎಂದರು. ನಾನೂ ಮುಗಿಯುವುದಿಲ್ಲ, ಹಚ್ಚಿದರೆ ಸಾಕು ಎಂದೆ. ಫೋನ್ ಕಿವಿಗಿಟ್ಟುಕೊಂಡೇ ನಮ್ಮ ಮನೆಯ ಬೀಗ ತೆಗೆದು ಒಳಗೆ ಹೋದರು. ಶೂ ಬಿಚ್ಚಿ ಎಂದೆ. ತಮ್ಮಲ್ಲಿ ವೆನಿಲಾ ವಾಸನೆಯ ಒಳ್ಳೆಯ ಕ್ಯಾಂಡಲ್ ಇದೆ, ತರಲೇ ಎಂದರು. ಬೇಡ, ಬಾಟಲಿಯ ಎಣ್ಣೆ, ಡಬ್ಬಿಯ ಬತ್ತಿ ಎಂದೆ. ಹಚ್ಚಿದ ಮೇಲೆ ಬಾಯಿಂದ ಊದಿ ಆರಿಸಬೇಡಿ ಎಂದೆ. ಹಾಗಾದರೆ ತಾನಾಗಿ ಆರುವವರೆಗೂ ಇಲ್ಲೇ ಕೂತಿರುತ್ತೇನೆ, ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವ ಜಾತಿ ನನ್ನದಲ್ಲ ಎಂದರು. ಎಣ್ಣೆ ಒಂದು ಚಮಚ ಸಾಕು ಎಂದು ಹೇಳುವುದು ಮರೆತುಹೋಗಿತ್ತು. ಪಾಪ, ಅಂಚಿನವರೆಗೂ ತುಂಬಿಸಿ, ನಮ್ಮ ದೇವರುಗಳ ಮುಂದೆ ಮೂರು ಗಂಟೆ ಕೂತರು. ನಾನಂತೂ ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಕೂತವನಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಹೆಂಡತಿ ಮಾತಾಡುವಂತಾದಾಗ, ನೆರೆಯಾಕೆ ಕಳಿಸಿದ್ದ ದೀಪದ ಫೋಟೋ ತೋರಿಸಿದೆ. ಅವಳು ಅದನ್ನು ದೊಡ್ಡದು ಮಾಡಿ ನೋಡಿದಳು.

"ದೇವರ ಪಕ್ಕ ಈ ಕೆಂಪು ಸಿಲಿಂಡರ್ ಏನ್ರೀ?"

ಬೆಂಕಿ ಆರಿಸುವ ಸಿಲಿಂಡರ್. ಮುನ್ನೆಚ್ಚರಿಕೆಗೆ ತಮ್ಮ ಅಡುಗೆಮನೆಯಿಂದ ತಂದು ವೆಂಕಟರಮಣನ ಬಲಗಡೆ ನಿಲ್ಲಿಸಿಕೊಂಡಿದ್ದರು. ಇನ್ನು ಮುಚ್ಚಿಡುವುದೇನು, ಎಲ್ಲ ಒಪ್ಪಿಕೊಂಡೆ. ಅವಳು ಎದೆಗೆ ದಿಂಬು ಒತ್ತಿ ಹಿಡಿದು ನಕ್ಕಳು.

"ನಗಿಸ್ಬೇಡಿ, ಹೊಲಿಗೆ ಎಳೆಯತ್ತೆ. ನಂಬದೇ ಇರೋರಿಗೆ ಇಷ್ಟೆಲ್ಲ ಉಸಾಬರಿ ಯಾಕೆ ಬೇಕಿತ್ತು?"

"ನಿನಗೆ ಸುಳ್ಳು ಹೇಳಿಬಿಟ್ಟಿದ್ದೆ. ಆಮೇಲೆ ಹೆದರಿಕೆ ಆಯ್ತು ಕಣೇ."

"ಸುಳ್ಳು ಅಂತ ಆವಾಗ್ಲೇ ಗೊತ್ತಾಯ್ತು," ಎಂದಳು. "ನನಗಿಂತ ನೀವೇ ಜಾಸ್ತಿ ಹೆದರಿದ್ರಿ. ನಿಮಗಾದ್ರೂ ಸಮಾಧಾನ ಆಗ್ಲಿ ಅಂತ ನಂಬಿದ ಹಾಗೆ ಮಾಡ್ದೆ."