ಬೆಳ್ಳಿಯ ಚಕ್ರಕ್ಕೆ ಹತ್ತಿದ ತುಕ್ಕು

ಬಿಸಿಯಾದ ಮೇಣ, ಬಟ್ಟೆಯ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಮಸ್ಕಿಯ ನಮ್ಮ ಮನೆಯ ಪಡಸಾಲೆಗೆ ಹೋಗಿಬಿಡುತ್ತೇನೆ. ಅಪ್ಪ ಅಲ್ಲೇ ಮೋಟಾರಿಗೆ ಬಟ್ಟೆಯ ಚಕ್ರ ಸಿಕ್ಕಿಸಿ ಪಾಲಿಶ್ ಮಾಡುತ್ತಿದ್ದ. ಕಬ್ಬಿಣಕ್ಕೊಂದು, ಹಿತ್ತಾಳೆಗೊಂದು, ಬೆಳ್ಳಿಗೊಂದು ಚಕ್ರ. ಒಂದರ ಕೆಲಸಕ್ಕೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ.

ಒಮ್ಮೆ ಅವನಿಲ್ಲದಾಗ ನನ್ನ ಸೈಕಲ್ಲಿನ ತುಕ್ಕು ಹಿಡಿದ ಬೆಲ್ಲನ್ನು ಬೆಳ್ಳಿಯ ಚಕ್ರಕ್ಕೆ ಒತ್ತಿದೆ. ಮರುದಿನ ಸಂತೆಕಲ್ಲೂರಿನ ಅಜ್ಜಿಯೊಬ್ಬರು ಕೊರಳಲ್ಲಿ ಧರಿಸುವ ತಮ್ಮ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಪಾಲಿಶ್‌ಗೆ ತಂದರು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದು ಕುಳಿತರು. ಕರಡಿಗೆ ಮತ್ತೆ ಕೊರಳಿಗೆ ಬರುವ ತನಕ ಅವರು ನೀರೂ ಕುಡಿಯುವವರಲ್ಲ. ಅಪ್ಪ ಅದನ್ನು ಚಕ್ರಕ್ಕೆ ತಾಗಿಸಿದ್ದೇ ತಡ, ಬೆಳ್ಳಿಯ ಮೇಲೆ ಗೀರುಗಳೆದ್ದವು.

"ಈ ಚಕ್ರ ಯಾರು ಮುಟ್ಟ್ಯಾರ?"

"ನಾನಪ್ಪಾ."

ಅಪ್ಪ ಚಕ್ರ ಬಿಚ್ಚಿ, ತಂತಿ ಬ್ರಷ್ಷಿನ ಜೊತೆ ನನ್ನ ಮುಂದಿಟ್ಟ. ಬಟ್ಟೆಯ ಒಂದೊಂದೇ ಮಡಿಕೆ ಬಿಡಿಸಿ ತಿಕ್ಕಿದೆ. ಅಪ್ಪ ಆಗಾಗ ಬಿಳಿ ಅರಿವೆಯಿಂದ ಒರೆಸಿ ನೋಡುತ್ತಿದ್ದ. ಅದಕ್ಕೆ ತುಕ್ಕಿನ ಕೆಂಪು ಹತ್ತುತ್ತಲೇ ಇತ್ತು.

"ಸಾಕು ಬಿಡಪ್ಪಾ, ಕೂಸಿನ ಕೈ ನೋಯ್ತಾವ," ಅಂದರು ಅಜ್ಜಿ.

"ಇಲ್ಲಬೇ ಯಮ್ಮಾ, ಇನ್ನೂ ಐತಿ," ಅಂದವಳು ನಾನೇ.

ಅರಿವೆ ಬೆಳ್ಳಗೇ ಉಳಿದ ಮೇಲೆ ಅಪ್ಪ ಚಕ್ರ ಸಿಕ್ಕಿಸಿ ಮೋಟಾರು ಹಚ್ಚಿದ. ಗೀರುಗಳು ಹೋದವು. ಅಜ್ಜಿ ಕರಡಿಗೆ ಧರಿಸಿ, ನನ್ನ ಕೈಯಿಂದಲೇ ನೀರು ಇಸಿದುಕೊಂಡು ಕುಡಿದರು.

ಈಗ ಸಿಂಧನೂರಿನ ನನ್ನ ಮನೆಯಲ್ಲಿ ಅದೇ ಮೋಟಾರು. ಇವತ್ತು ಬಂದ ಗಿರಾಕಿ, "ಲಗೂನ ಮಾಡ್ರೀ ಅಕ್ಕಾ, ಲಿಂಗಸುಗೂರು ಬಸ್ಸು ಹೋಗತೈತಿ," ಅಂದರು. ನಾನು ಬೆಳ್ಳಿಯ ಚಕ್ರವನ್ನು ಬಿಳಿ ಅರಿವೆಯಿಂದ ಒರೆಸಿ ನೋಡಿದೆ. ಅರಿವೆಗೆ ಸಣ್ಣದೊಂದು ಕೆಂಪು ಗೆರೆ ಹತ್ತಿತ್ತು.

"ಕೂಡ್ರಿ," ಅಂದೆ. "ಇನ್ನೂ ಐತಿ."