ಚರಗಕ್ಕೆ ಓಗೊಡುವವರು

ನಮ್ಮ ಅತ್ತೆಯ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕವಳಿದ್ದಾಗ ಬೀಸುವ ಕಲ್ಲನ್ನು ಎತ್ತಲು ಹೋಗಿ ಅದರಡಿ ಬೆರಳು ಸಿಕ್ಕಿಸಿಕೊಂಡಿದ್ದಳಂತೆ. ಉಳಿದ ಬೆರಳುಗಳು ಮುಷ್ಟಿ ಕಟ್ಟಿದರೂ ಅದೊಂದು ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ಅವಳು ಒಬ್ಬರನ್ನು ಬೈಯುವಾಗ ಬೆರಳು ಇನ್ನೊಬ್ಬರನ್ನು ತೋರಿಸುತ್ತಿದ್ದುದರಿಂದ ಮನೆಯ ಮಕ್ಕಳೆಲ್ಲ ಒಟ್ಟಿಗೆ ಹೆದರುತ್ತಿದ್ದೆವು. "ಅದು ನನ್ನ ಮಾತು ಕೇಳೂದಿಲ್ಲವಾ, ಥೇಟ್ ನಿಮ್ಮ ಕಾಕಾನ ಹಂಗ," ಎನ್ನುತ್ತಿದ್ದಳು. ಕಡಬಿನ ಅಂಚು ಒತ್ತುವಾಗ ಆ ಬೆರಳಿನ ಉಗುರು ತಾಗಿ ಮೂಲೆಯಲ್ಲೊಂದು ಗೀರು ಬೀಳುತ್ತಿತ್ತು. ಮನೆತುಂಬ ಹೆಂಗಸರು ಕೂತು ಕಡಬು ಮಾಡಿದರೂ ಅತ್ತೆಯ ಕಡಬು ಯಾವುದೆಂದು ನಾವು ಹೇಳಿಬಿಡುತ್ತಿದ್ದೆವು.

ಅವಳು ಅಪ್ಪನ ಅಕ್ಕ. ಮದುವೆಯಾಗಿ ಹೋದವಳು ಗಂಡ ತೀರಿಕೊಂಡ ಮೇಲೆ ಹಳೇ ಹುಬ್ಬಳ್ಳಿಯ ತವರಿಗೇ ಮರಳಿ ಬಂದಳು. ಅದೇ ವರ್ಷ ನಮ್ಮ ಅಜ್ಜಿಯೂ ಹೋದಳು. ಆಗ ಅಪ್ಪನ ತಮ್ಮ, ನಮ್ಮ ಕಾಕಾಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅತ್ತೆಗೆ ಮಕ್ಕಳಿರಲಿಲ್ಲ, ಕಾಕಾಗೆ ತಾಯಿ ಇರಲಿಲ್ಲ. ಹೀಗಾಗಿ ತಮ್ಮನೇ ಮಗನಾದ. ಗಂಜಿ ಕುಡಿಸಿದ್ದು, ಸಾಲಿಗೆ ಹಾಕಿದ್ದು, ಹೆಣ್ಣು ನೋಡಿ ಮದುವೆ ಮಾಡಿದ್ದು ಎಲ್ಲ ಅವಳೇ.

ಡಿಸೆಂಬರ್ ಬಂತೆಂದರೆ ನನ್ನ ಆಫೀಸಿನವರು ಗೋವಾಕ್ಕೆ ಹೋಗುವ ಮಾತಾಡುತ್ತಾರೆ. ನಮ್ಮ ಮನೆಯಲ್ಲಿ ಡಿಸೆಂಬರ್ ಎಂದರೆ ಎಳ್ಳ ಅಮಾವಾಸ್ಯೆ. ಅದು ಒಮ್ಮೊಮ್ಮೆ ಜನವರಿಗೆ ಜಾರಿದರೆ ಅತ್ತೆ ಪಂಚಾಂಗವನ್ನೇ ಬೈಯುತ್ತಿದ್ದಳು. "ಕ್ರಿಸ್‌ಮಸ್ ಸೂಟಿ ಮುಗದ ಮ್ಯಾಲ ಬಂದ್ರ ಹುಡುಗ್ರು ಹೊಲಕ್ಕ ಹೆಂಗ ಬರ್ಬೇಕು? ಬರದಾಂವಗ ಮಕ್ಕಳಿಲ್ಲೇನು?" ನಮ್ಮ ಹೊಲ ಗೋಪನಕೊಪ್ಪದ ಆಚೆಗಿತ್ತು. ಕರೀ ಮಣ್ಣು, ತೆನೆ ಕಟ್ಟುತ್ತಿರುವ ಹಿಂಗಾರಿ ಜೋಳ, ನಡುವೆ ಒಂದು ಬನ್ನಿ ಗಿಡ. ಅದರ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಿದ್ದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಕಡಬು, ಮೊಸರನ್ನ. ನಾವು ಬಾಯಿಗಿಡುವ ಮೊದಲು ಅದರಲ್ಲೆಲ್ಲ ಒಂದಿಷ್ಟು ಭೂಮಿಗೆ ಸಲ್ಲಬೇಕು. ಅದೇ ಚರಗ.

ಚರಗ ಚೆಲ್ಲಲು ಇಬ್ಬರು ಬೇಕು. ಮುಂದಿನವರು ಹೊಲದ ನಾಲ್ಕೂ ಮೂಲೆಗೆ ಹೋಗಿ ಬುಟ್ಟಿಯಿಂದ ಎಡೆ ತೆಗೆದು ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವರು ತಂಬಿಗೆಯ ನೀರು ಚಿಮುಕಿಸುತ್ತ "ಚಲ್ಲಂಬರಿಗೋ" ಎಂದು ಓಗೊಡಬೇಕು. ಆ ಮಾತಿಗೆ ಅರ್ಥವೇನೆಂದು ಯಾರಿಗೂ ಗೊತ್ತಿಲ್ಲ, ಊರಿಗೊಂದು ರೀತಿ ಕೂಗುತ್ತಾರೆ. ನಮ್ಮಲ್ಲಿ ಅಪ್ಪ ಕೂಗುತ್ತಿದ್ದರು, ಕಾಕಾ ಓಗೊಡುತ್ತಿದ್ದರು. ಕಾಕಾನ ದನಿ ಮೂರು ಹೊಲದಾಚೆಗೂ ಕೇಳುತ್ತಿತ್ತು. ಅತ್ತೆ ಬನ್ನಿ ಗಿಡದ ಕೆಳಗೆ ಕೂತು, ಕಣ್ಣು ಮುಚ್ಚಿ ಆಲಿಸುತ್ತಿದ್ದಳು. "ಕೂಗಿದ್ದಕ್ಕ ಓಗೊಡೋರು ಬೇಕು ನೋಡವಾ. ಓ ಅನ್ನೋರು ಇರ್ಲಿಲ್ಲಂದ್ರ ಭೂಮ್ತಾಯಿ ಉಣ್ಣೂದಿಲ್ಲ," ಎಂದು ನನಗೆ ಹೇಳುತ್ತಿದ್ದಳು.

ಮನೆ ಒಡೆದದ್ದೂ ಒಂದು ಎಳ್ಳ ಅಮಾವಾಸ್ಯೆಯ ದಿನವೇ. ಸುತ್ತಲಿನ ಹೊಲಗಳೆಲ್ಲ ಪ್ಲಾಟುಗಳಾಗಿದ್ದವು. ಕಾಕಾ ನಮ್ಮದನ್ನೂ ಕೊಟ್ಟುಬಿಡೋಣ ಎಂದರು, ಅಪ್ಪ ಕೂಡದೆಂದರು. ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು. ಅಪ್ಪ, "ತಾಯಿ ಮಾರಕೊಳ್ಳೋ ಮಗಾ ನೀ," ಎಂದರು. ತಾಯಿಯ ಮುಖವನ್ನೇ ನೋಡದ ಕಾಕಾಗೆ ಅನ್ನಬಾರದ ಮಾತು ಅದು. ಕಾಕಾ ಅರ್ಧ ಉಂಡ ತಾಟನ್ನು ಹಾಗೇ ಬಿಟ್ಟು ಎದ್ದರು. "ತಮ್ಮಾ, ಉಣ್ಣೂಮುಂದ ಏಳಬ್ಯಾಡೋ!" ಎಂದು ಅತ್ತೆ ಎದ್ದು ಓಡಿದಳು. ಅವರು ತಿರುಗಿ ನೋಡಲಿಲ್ಲ. ಅವತ್ತಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು.

ಹೊಲವಂತೂ ಕೊನೆಗೆ ಹೋಯಿತು. ಅದರಲ್ಲಿ ಲೇಔಟ್ ಆಯಿತು. ಜಗಳವಾಡಿದ ಇಬ್ಬರೂ ಅದೇ ಲೇಔಟಿನಲ್ಲಿ, ಎರಡು ರಸ್ತೆಗಳ ಅಂತರದಲ್ಲಿ ಮನೆ ಕಟ್ಟಿಕೊಂಡರು. ಬೇರೆ ಎಲ್ಲಿಯೂ ಜಾಗ ಸಿಗಲಿಲ್ಲವೇನೋ ಪಾಪ! ಅತ್ತೆ ನಮ್ಮ ಜೊತೆ ಬಂದಳು. ಬನ್ನಿ ಗಿಡ ಪಾರ್ಕಿನಲ್ಲಿ ಉಳಿದಿತ್ತು. ಮುಂದಿನ ಡಿಸೆಂಬರಿನಲ್ಲಿ ಅವಳು ಬುಟ್ಟಿ ತುಂಬಿಕೊಂಡು, ನನ್ನ ಕೈಗೆ ತಂಬಿಗೆ ಕೊಟ್ಟು, "ನಡೀ, ಹೊಲಕ್ಕ ಹೋಗೂಣು," ಎಂದಳು.

"ಹೊಲ ಎಲ್ಲೈತಿ ಅತ್ತೀ?"

"ಇಲ್ಲೇ ಐತಲ್ಲ. ಮ್ಯಾಲ ಸಿಮೆಂಟ್ ಹಾಕ್ಯಾರ, ಅಷ್ಟ."

ವಿಧವೆ ಚರಗ ಚೆಲ್ಲಬಾರದೆಂದು ಪಕ್ಕದ ಮನೆಯಾಕೆ ಅಂದಾಗ, "ಭೂಮ್ತಾಯಿ ಏನ್ ಕುಂಕುಮಾ ನೋಡಿ ಉಣ್ತಾಳೇನ್ರೀ?" ಎಂದು ಬಾಯಿ ಮುಚ್ಚಿಸಿದಳು. ಹಳೆಯ ಹೊಲದ ಮೂಲೆಗಳು ಅವಳ ಕಾಲಿಗೆ ಗೊತ್ತಿದ್ದವು. ಒಂದು ಮೂಲೆಯಲ್ಲಿ ಈಗ ಟ್ರಾನ್ಸ್‌ಫಾರ್ಮರ್ ಇತ್ತು, ಒಂದರಲ್ಲಿ ಗಟಾರ, ಇನ್ನೊಂದರಲ್ಲಿ ಯಾರದೋ ಕಾರ್ ಶೆಡ್. ಈಶಾನ್ಯದ ಮೂಲೆ ಸರಿಯಾಗಿ ಕಾಕಾನ ಗೇಟಿನ ಮುಂದೆ ಬರುತ್ತಿತ್ತು. ಅಲ್ಲಿ ಮಾತ್ರ ಅವಳು ಎರಡು ಸಲ ಕೂಗುತ್ತಿದ್ದಳು. ನಾನು ಓಗೊಟ್ಟರೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಒಳಗಿನಿಂದ ತಮ್ಮನ ದನಿ ಬರಬೇಕೆಂಬುದೊಂದೇ ಅವಳ ಆಸೆ. ನನಗೆ ಅದು ಗೊತ್ತಿತ್ತು, ಕಾಕಾಗೂ ಗೊತ್ತಿತ್ತು. ಆ ಹೊತ್ತಿಗೆ ಅವರ ಮನೆಯ ಟಿ.ವಿ. ದನಿ ಜೋರಾಗುತ್ತಿತ್ತು.

ಮನೆಗೆ ಬಂದು ಒಂದು ಸ್ಟೀಲ್ ಡಬ್ಬಿಯಲ್ಲಿ ಕಡಬು ಹಾಕಿ ಕಾಕಾನ ಮನೆಗೆ ಕಳಿಸುತ್ತಿದ್ದಳು. ಮೊದಲ ವರ್ಷ ಡಬ್ಬಿ ಖಾಲಿಯಾಗಿ ಬಂತು. ನಮ್ಮ ಕಡೆ ತಿನಿಸು ತಂದ ಪಾತ್ರೆಯನ್ನು ಬರಿದು ಮಾಡಿ ಕಳಿಸುವುದಿಲ್ಲ, ಚಮಚ ಸಕ್ಕರೆಯನ್ನಾದರೂ ಹಾಕುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಡಬ್ಬಿಯೊಳಗೆ ಕೈಯಾಡಿಸಿ, "ತಿಂದಾನಲ್ಲ, ಸಾಕು," ಎಂದಳು. ಕಡಬನ್ನು ತಿಂದರೋ ಬೀದಿಯ ನಾಯಿಗೆ ಹಾಕಿದರೋ ಯಾರು ಕಂಡಿದ್ದರು?

ಮೊನ್ನೆ ಮೊನ್ನೆಯವರೆಗೆ ಹೀಗೇ ನಡೆಯಿತು. ಆಮೇಲೆ ಕಾಕಾನ ಮಗನ ಮದುವೆಯಾಗಿ ಸೊಸೆ ಬಂದಳು. ಪ್ಯಾಟಿಯಲ್ಲಿ ಬೆಳೆದ ಹುಡುಗಿ, ಚರಗ ಕಂಡವಳಲ್ಲ. ಮೇಲಾಗಿ ಬಸುರಿ. ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ರಂಗೋಲಿ ಹಾಕಲು ಬಂದವಳಿಗೆ ಕಂಡದ್ದು ಗೇಟಿನ ಮುಂದೆ ಚೆಲ್ಲಿದ ಅನ್ನ, ಮುರಿದ ಕಡಬು, ಮತ್ತು ಕೂಗುತ್ತ ನಿಂತ ಬೋಳುಹಣೆಯ ಮುದುಕಿ. ಅವಳು ಚೀರಿಕೊಂಡಳು. ಅಕ್ಕಪಕ್ಕದವರು ಹೊರಗೆ ಬಂದರು. ಲೇಔಟಿನಲ್ಲಿ ಈಗ ಎಲ್ಲಿಂದಲೋ ಬಂದವರೇ ಹೆಚ್ಚು. "ಅಮಾಸಿ ದಿನಾ ಬಸರಿ ಮನಿ ಮುಂದ ಮಾಟಾ ಮಾಡಾಕತ್ತಾಳ ನೋಡ್ರಿ," ಎಂದು ಯಾರೋ ಅಂದರು. ಒಬ್ಬ ಮೊಬೈಲ್ ಹಿಡಿದು ವಿಡಿಯೋ ಮಾಡತೊಡಗಿದ.

"ಇದು ಚರಗರೀ, ಇದು ನಮ್ಮ ಹೊಲಾ ಇತ್ತು," ಎಂದು ನಾನು ಕಿರುಚಿದೆ. ನನ್ನ ಮಾತು ಯಾರು ಕೇಳುತ್ತಾರೆ, ನಾನೂ ತಂಬಿಗೆ ಹಿಡಿದು ನಿಂತವಳೇ.

ಅಷ್ಟರಲ್ಲಿ ಕಾಕಾ ಹೊರಬಂದರು. ಎಲ್ಲರೂ ಅವರ ಮುಖ ನೋಡಿದರು. ಅತ್ತೆಯ ಮುಖ ಅರಳಿತು. ಆ ಅರಳಿದ ಮುಖವನ್ನು ನಾನು ಸಾಯುವತನಕ ಮರೆಯಲಾರೆ. "ಬಂದಿಯಾ ತಮ್ಮಾ? ಹೇಳೋ ಇವರಿಗೆ, ಇದು ಚರಗಾ ಅಂತ ಹೇಳು," ಎಂದಳು.

ಕಾಕಾ ಅನ್ನದ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು. "ಒಳಗ ನಡಿಯವಾ," ಎಂದು ಸೊಸೆಯನ್ನು ಕಳಿಸಿ, ಒಂದು ಬಕೆಟ್ ನೀರು ತಂದು ಗೇಟಿನ ಮುಂದೆ ಸುರುವಿದರು. ಅನ್ನ, ಕಡಬು ಎಲ್ಲ ತೇಲಿ ಅತ್ತೆಯ ಪಾದಕ್ಕೆ ತಾಗಿ ಗಟಾರಕ್ಕೆ ಹೋಯಿತು. ಹೊಲದ ತುಂಬ ಓಗೊಟ್ಟ ಮನುಷ್ಯನಿಗೆ ಅವತ್ತು ಅಕ್ಕನ ಪರವಾಗಿ ಒಂದು ಮಾತೂ ಹೊರಡಲಿಲ್ಲ.

ಆ ವಿಡಿಯೋ ಲೇಔಟಿನ ವಾಟ್ಸಾಪ್ ಗ್ರೂಪಿಗೆ ಬಂತು, ಎಚ್ಚರವಾಗಿರಿ ಎಂಬ ಬರಹದೊಂದಿಗೆ. ಚರಗವೆಂದರೇನು ಎಂದು ನಾನು ಉದ್ದಕ್ಕೆ ಬರೆದು ಹಾಕಿದೆ. ಯಾರೋ ಒಬ್ಬರು ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದರು. ಕಾಕಾ ಅದೇ ಗ್ರೂಪಿನಲ್ಲಿದ್ದರು. ಅಲ್ಲಿಯೂ ಬಾಯಿ ಬಿಡಲಿಲ್ಲ. ಆಮೇಲೆ ಅತ್ತೆ ಕಿರಾಣಿ ಅಂಗಡಿಗೆ ಹೋದರೆ ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ನೆಟ್ಟಗೆ ನಿಂತ ಆ ಬೆರಳಿಗೂ ಒಂದು ಕಥೆ ಹುಟ್ಟಿತು. ಅವಳು ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆಯುವುದನ್ನು ಕಲಿತಳು. ಅಪ್ಪನಾದರೂ ಹೋಗಿ ತಮ್ಮನನ್ನು ಕೇಳಬಹುದಿತ್ತು. ಅವರು ಕುರ್ಚಿ ಬಿಟ್ಟೇಳಲಿಲ್ಲ. ನಮ್ಮ ಮನೆಯ ಗಂಡಸರಿಗೆ ಹಟವೊಂದೇ ಆಸ್ತಿಯಾಗಿ ಉಳಿದಿತ್ತು.

ಮರುವರ್ಷವೂ ಅತ್ತೆ ಎಲ್ಲ ಅಡಿಗೆ ಮಾಡಿದಳು. ಬುಟ್ಟಿ ತುಂಬಿದಳು. ಮಾಡಿ ಗೋಡೆಗೆ ಒರಗಿ ಕೂತಳು.

"ಹೊತ್ತಾತು ಅತ್ತೀ, ಏಳು."

"ಬ್ಯಾಡವಾ. ಆ ಹುಡುಗಿ ಅಂಜ್ತಾಳ. ಕೂಸಿನ ತಾಯಿ, ಹಾಲು ಬತ್ತಿಗಿತ್ತೀತು."

ತನ್ನನ್ನು ಕಂಡು ಚೀರಿಕೊಂಡವಳ ಎದೆಹಾಲಿನ ಚಿಂತೆ ಇವಳಿಗೆ! ನನಗೆ ಅಳು ಬಂತು, ಸಿಟ್ಟೂ ಬಂತು. ಅವತ್ತು ಚರಗದ ಬುಟ್ಟಿ ಮೂಲೆಯಲ್ಲಿ ಹಾಗೇ ಕೂತಿತ್ತು. ಸಂಜೆ ಅವಳೇ ಅದನ್ನು ಆಕಳಿಗೆ ಹಾಕಿಸಿದಳು. ಆಮೇಲೆ ಅವಳು ಹೆಚ್ಚು ದಿನ ಗಟ್ಟಿಯಾಗಿರಲಿಲ್ಲ. ಊಟ ಬಿಡುತ್ತ ಬಂದಳು. ಡಾಕ್ಟರು ರಕ್ತ ಕಡಿಮೆ ಎಂದರು. ಬಾಗಿಲು ಸಪ್ಪಳವಾದಾಗೆಲ್ಲ "ಯಾರ ಬಂದ್ರು?" ಎಂದು ಕೇಳುತ್ತಿದ್ದಳು. ಹಾಲಿನವನೆಂದೋ ಪೇಪರಿನವನೆಂದೋ ಹೇಳುತ್ತಿದ್ದೆ. ಮಳೆಗಾಲ ಮುಗಿಯುತ್ತ ಬಂದಾಗ ಒಂದು ಮುಂಜಾನೆ ಹೋಗಿಬಿಟ್ಟಳು.

ಕಾಕಾ ಮಣ್ಣಿಗೆ ಬಂದರು. ಜನರ ಹಿಂದೆ ನಿಂತು, ತಮ್ಮ ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿ, ಯಾರನ್ನೂ ನೋಡದೆ ಹೋದರು. ಎರಡು ರಸ್ತೆ ದಾಟಿ ಬರಲು ಅವರಿಗೆ ಇಷ್ಟು ದಿನ ಬೇಕಾಯಿತು.

ಈ ಸಲದ ಎಳ್ಳ ಅಮಾವಾಸ್ಯೆಗೆ ನಾನೊಬ್ಬಳೇ ಕಡಬು ಮಾಡಿದೆ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ತಂಬಿಗೆ. ಭಕ್ತಿಗಿಂತ ಸಿಟ್ಟಿನಿಂದಲೇ ಹೊರಟೆ ಎನ್ನಬೇಕು. ಮೊದಲ ಮೂರು ಮೂಲೆಗಳಲ್ಲಿ ಸುಮ್ಮನೆ ಚೆಲ್ಲಿದೆ. ಕಾಕಾನ ಗೇಟಿನ ಮುಂದೆ ನಿಂತು ಜೋರಾಗಿ "ಹುಲ್ಲುಲ್ಲಿಗೋ" ಎಂದು ಕೂಗಿದೆ. ಅವರು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಪೇಪರ್ ಓದುತ್ತಿದ್ದರು. ಪೇಪರ್ ಕೆಳಗಿಳಿಯಿತು. ನಾನು ಮತ್ತೊಮ್ಮೆ ಕೂಗಿದೆ.

"ಚಲ್ಲಂಬರಿಗೋ."

ಒಡೆದ ದನಿ. ಪಕ್ಕದ ಮನೆಗೂ ಕೇಳಿಸಿರಲಿಕ್ಕಿಲ್ಲ. ಕಾಕಾ ಎದ್ದು ಬಂದು ಗೇಟು ತೆರೆದು ಕೈ ಚಾಚಿದರು. "ತಂಬಿಗಿ ಕೊಡವಾ ಇಲ್ಲೆ. ನೀರು ನಾ ಹಾಕ್ತೇನಿ."

ಇಷ್ಟು ವರ್ಷ ಅತ್ತೆ ಕಾದು ನಿಂತ ದನಿ ಅದು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಈ ಮನುಷ್ಯನ ಗಂಟಲಲ್ಲಿ ಆ ಮಾತು ಅಂದಿನಿಂದಲೂ ಇತ್ತಲ್ಲ! "ಅತ್ತಿ ಕೂಗಿದಾಗ ಎಲ್ಲಿದ್ರಿ ಕಾಕಾ?" ಎಂದೆ. ತಂಬಿಗೆ ಕೊಡಲಿಲ್ಲ.

ಅವರು ಚಾಚಿದ ಕೈಯನ್ನು ಬುಟ್ಟಿಗೆ ಹಾಕಿ ಒಂದು ಕಡಬು ತೆಗೆದರು. ತಿನ್ನಲಿಲ್ಲ. ಅದನ್ನು ಬಿಸಿಲಿಗೆ ಹಿಡಿದು, ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ, ಒಂದು ಮೂಲೆ ನೋಡಿದರು, ತಿರುವಿ ಇನ್ನೊಂದು ಮೂಲೆ ನೋಡಿದರು. ಖಾಲಿಯಾಗಿ ಬಂದ ಡಬ್ಬಿಯ ಕಡಬುಗಳನ್ನು ತಿಂದದ್ದು ಇವರೇ ಎಂದು ನನಗೆ ಆಗ ಗೊತ್ತಾಯಿತು. ಅವರು ಹುಡುಕುತ್ತಿದ್ದ ಗೀರು ನನ್ನ ಕಡಬಿನಲ್ಲಿ ಎಲ್ಲಿಂದ ಬರಬೇಕು? ಇನ್ನೊಂದು ತೆಗೆದರು, ಅದನ್ನೂ ಹಾಗೇ ನೋಡಿದರು. ಎರಡನ್ನೂ ಬುಟ್ಟಿಯಲ್ಲಿಟ್ಟು ಗೇಟು ಮುಚ್ಚಿಕೊಂಡು ಒಳಗೆ ಹೋದರು. ನಾನು ತಂಬಿಗೆಯ ನೀರನ್ನು ಅಲ್ಲೇ ಚೆಲ್ಲಿ ಮನೆಗೆ ಬಂದೆ.