ಮೂರನೆಯ ರವಿವಾರ

ನಮ್ಮ ಚರ್ಚಿನಲ್ಲಿ ಹೆಂಗಸರ ಕಡೆಯ ಮೂರನೆಯ ಬೆಂಚಿನ ತುದಿಗೆ, ಒಂದು ಅಂಗೈ ಅಗಲ, ಪಾಲಿಶ್ ಹೋಗಿ ಕಟ್ಟಿಗೆ ಬೆಳ್ಳಗಾಗಿದೆ. ಅಲ್ಲಿ ನಮಗೆಲ್ಲ ಪಾಠ ಹೇಳಿದ ಅಕ್ಕೋರ ಎಡಗೈ ಇರುತ್ತಿತ್ತು. ಸಣ್ಣ ಕೈ, ಉಬ್ಬಿದ ಗೆಣ್ಣು, ಉಗುರಿನ ಸಂದಿಯಲ್ಲಿ ಸದಾ ಸೀಮೆಸುಣ್ಣ. ಆ ಕೈ ಬೆಂಚನ್ನು ಬಿಗಿಯಾಗಿ ಹಿಡಿದು ಅವರು ಎದ್ದು ನಿಂತರೆಂದರೆ ಮದುವೆಯ ಪ್ರಕಟಣೆ ಓದುವ ಹೊತ್ತಾಯಿತು ಎಂದೇ ಅರ್ಥ.

ಮದುವೆಗೆ ಮುಂಚೆ ಮೂರು ರವಿವಾರ ಪಾಸ್ಟರು ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಈ ಮದುವೆಗೆ ಅಡ್ಡಿ ಏನಾದರೂ ಗೊತ್ತಿದ್ದವರು ಈಗಲೇ ಹೇಳಬೇಕೆಂದು ಸಭೆಯನ್ನು ಕೇಳುತ್ತಾರೆ. ಯಾರೂ ಹೇಳುವುದಿಲ್ಲ. ಅಷ್ಟರಲ್ಲಿ ಬಿರ್ಯಾನಿ ಮಾಡುವವನೂ ಗೊತ್ತಾಗಿರುತ್ತಾನೆ, ಹೇಳುವವರು ಯಾರು? ಎಲ್ಲರೂ ಕೂತಿರುವಾಗ ಅಕ್ಕೋರು ಒಬ್ಬರೇ ನಿಂತಿದ್ದು, ಆ ಮೌನ ಮುಗಿದ ಮೇಲೆ ಕೂಡುತ್ತಿದ್ದರು. ಕೇಳಿದರೆ ಮೊಣಕಾಲು ಹಿಡಿಯುತ್ತವೆ ಎನ್ನುತ್ತಿದ್ದರು. ಶುದ್ಧ ಸುಳ್ಳು. ಅದೇ ಮೊಣಕಾಲಿನಲ್ಲಿ ದೂರದ ಬೆಂಗೇರಿಯ ಮನೆಯಿಂದ ನಡೆದೇ ಬರುತ್ತಿದ್ದರು.

ನನಗೆ ಅವರು ರವಿವಾರದ ಶಾಲೆಯ ಅಕ್ಕೋರು. ಹಾಡು ತಪ್ಪಿದರೆ ಬೈಯುತ್ತಿರಲಿಲ್ಲ. ಹಾಡದೆ ಬರಿದೇ ತುಟಿ ಆಡಿಸಿದವರ ಕಿವಿ ಹಿಂಡುತ್ತಿದ್ದರು. "ದೇವರು ಬಾಯಿ ಕೊಟ್ಟದ್ದು ಬರೇ ಹಾಡಾಕ ಅಲ್ಲ, ಖರೇ ಹೇಳಾಕ," ಎನ್ನುತ್ತಿದ್ದರು. ನಾನು ತುಟಿ ಆಡಿಸುವುದರಲ್ಲಿ ಪ್ರವೀಣ. ಮೂವತ್ತು ದಾಟಿದರೂ ಅದನ್ನೇ ಮಾಡಿಕೊಂಡು ಬಂದೆ.

ಸಪ್ತಾಪುರದ ಹುಡುಗಿಯೊಬ್ಬಳ ಜೊತೆ ಅವ್ವ ನನ್ನ ಮದುವೆ ಗೊತ್ತು ಮಾಡಿದಳು. ಛಲೋ ಹುಡುಗಿ, ನಕ್ಕರೆ ಜೋರಾಗಿ ನಗುವವಳು. ನನ್ನ ಮನಸ್ಸು ಮಾತ್ರ ಹೆಣ್ಣಿನ ಕಡೆ ಎಂದೂ ಹೋದದ್ದಲ್ಲ. ಅದು ಹೋಗುತ್ತಿದ್ದುದು ಗಂಡಸರ ಕಡೆಗೆ. ಹೈಸ್ಕೂಲಿನಿಂದಲೇ ಗೊತ್ತಿದ್ದ ಸಂಗತಿಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಕ್ಕೋರ ಅಡುಗೆಮನೆಯಲ್ಲಿ. ಪ್ರಾರ್ಥನೆ ಮಾಡು, ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ ಅನ್ನಲಿ ಎಂದೇ ನಾನು ಹೋಗಿದ್ದೆ. ಅವರ ಮುಖ ಕಪ್ಪಿಟ್ಟಿತು. ಹುಡುಗಿಗೆ ಗೊತ್ತೇ ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಎದ್ದು ಬಾಗಿಲವರೆಗೆ ಬಂದು ನನ್ನನ್ನು ಕಳಿಸಿದರು.

ಮೊದಲ ರವಿವಾರ ನನ್ನ ಹೆಸರು ಓದಿದಾಗ ಅಕ್ಕೋರು ಎದ್ದು ನಿಂತರು. ಅವರು ಪಾಸ್ಟರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಅವರ ಹಿಂದಿನ ಬೆಂಚಿನಲ್ಲೇ ಅವ್ವ ಕೂತಿದ್ದಳು. ಎರಡನೆಯ ರವಿವಾರವೂ ಹಾಗೆಯೇ ನಿಂತರು. ಅವರ ತುಟಿ ಅಲುಗಿದಂತಾಗಿ ನನ್ನ ಅಂಗಿ ಬೆವರಿಗೆ ಬೆನ್ನಿಗಂಟಿತು. ಆ ದಿನ ಅವರನ್ನು ನಾನು ದ್ವೇಷಿಸಿದೆ, ಸುಳ್ಳು ಯಾಕೆ ಹೇಳಲಿ. ಮಧ್ಯಾಹ್ನವೇ ಬೆಂಗೇರಿಗೆ ಹೋಗಿ, ಸಭೆಯ ಮುಂದೆ ನನ್ನ ಮಾನ ಕಳೆಯುತ್ತೀರೇನು ಎಂದು ಕೂಗಾಡಿದೆ.

ಅವರು ಗೋಡೆಯಿಂದ ಒಂದು ಫೋಟೋ ತೆಗೆದು ನನ್ನ ತೊಡೆಯ ಮೇಲಿಟ್ಟರು. ಅವರ ತಮ್ಮನದು. ಅವನೂ ಒಮ್ಮೆ ಇದೇ ಅಡುಗೆಮನೆಯಲ್ಲಿ ಇದೇ ಮಾತು ಹೇಳಿದ್ದನಂತೆ. ಅಕ್ಕೋರು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಮದುವೆಯಾಗು, ದೇವರು ಸರಿಮಾಡುತ್ತಾನೆ ಎಂದಿದ್ದರು. ಹುಡುಗಿಯನ್ನು ತಾವೇ ನೋಡಿದ್ದರು. ಮೂರು ರವಿವಾರವೂ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರು. ಮದುವೆಯಾದ ಎಂಟನೆಯ ತಿಂಗಳಿಗೆ ಹುಡುಗಿ ಅಳುತ್ತ ತವರಿಗೆ ಹೋದಳು. ಮರುದಿನ ಉಣಕಲ್ ಕೆರೆಯ ದಂಡೆಯಲ್ಲಿ ತಮ್ಮನ ಚಪ್ಪಲಿ ಸಿಕ್ಕವು.

"ನಿನ್ನ ಮನಸ್ಸು ಹಿಂಗ್ಯಾಕ ಐತಿ ಅನ್ನೋದು ನನಗ ತಿಳ್ಯಾಂಗಿಲ್ಲಪಾ, ಅದನ್ನ ದೇವರು ನೋಡ್ಕೊಳ್ಳಲಿ," ಎಂದರು. "ಆದರ ಅವನ ಮುಂದ ನಿಂತು ಸುಳ್ಳು ಆಣಿ ಮಾಡೂದು ಪಾಪ. ಅದಿಷ್ಟು ನನಗ ಗೊತ್ತೈತಿ."

"ಹಂಗಾದ್ರ ನೀವು ಹೇಳತೀರೇನ್ರಿ?"

"ನಾ ಹೇಳಂಗಿಲ್ಲ. ಅದು ನಿನ್ನ ಮಾತು. ನಾ ನಿಂತಿರ್ತೇನಿ, ಅಷ್ಟಽ."

ಶನಿವಾರ ಹುಡುಗಿಗೆ ಹೇಳಿಬಿಡೋಣವೆಂದು ಸಪ್ತಾಪುರದವರೆಗೂ ಹೋಗಿ, ಅವರ ಓಣಿಯ ಮೂಲೆಯಿಂದ ಗಾಡಿ ತಿರುಗಿಸಿಕೊಂಡು ಬಂದೆ. ಅಂಥ ಪುಕ್ಕಲ ನಾನು. ಮೂರನೆಯ ರವಿವಾರ ಹೆಸರು ಓದಿದರು, ಅಡ್ಡಿ ಕೇಳಿದರು. ಅಕ್ಕೋರು ನಿಂತಿದ್ದರು. ಪಾಸ್ಟರು ಪುಟ ತಿರುವಿದರೂ ಅವರು ಬೆಂಚು ಬಿಡಲಿಲ್ಲ, ಕೂಡಲಿಲ್ಲ. ಅದನ್ನು ನೋಡಲಾಗದೆ ನಾನು ಎದ್ದೆ.

"ಅಡ್ಡಿ ಐತ್ರಿ," ಎಂದೆ. "ಅಡ್ಡಿ ನಂದಽ. ಹುಡುಗೀದು ಏನೂ ತಪ್ಪಿಲ್ಲ."

ಏನದು ಎಂದು ಪಾಸ್ಟರು ಕೇಳಿದಾಗ ಅದನ್ನೂ ಹೇಳಿದೆ. ನನ್ನ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಹಿಂದೆ ಹೋದರು. ಆಗ ಅಕ್ಕೋರು, ಎಂದೂ ಗಂಡಸರ ಕಡೆ ಕಾಲಿಡದವರು, ನಡುವಿನ ದಾರಿ ದಾಟಿ ಬಂದು ನನ್ನ ಪಕ್ಕ ಕೂತು ಹಾಡಿನ ಪುಸ್ತಕ ತೆರೆದರು. ಅವ್ವ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಳು. ಹುಡುಗಿ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದು, ಕೊನೆಗೆ, ಹೇಳಿದ್ದು ಛಲೋ ಆಯಿತು ಎಂದು ಫೋನ್ ಇಟ್ಟಳು.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಪೆಟ್ಟಿಗೆಗೆ ನಾನೂ ಹೆಗಲು ಕೊಟ್ಟೆ. ಅಂದಿನಿಂದ ಪ್ರಕಟಣೆ ಓದುವಾಗ ಗಂಡಸರ ಕಡೆಯಿಂದ ನಾನು ಎದ್ದು ನಿಲ್ಲುತ್ತೇನೆ. ಜನ ಕೇಳಿದರೆ ಮೊಣಕಾಲಿನ ನೆಪ ಹೇಳುತ್ತೇನೆ.

ಈ ತಿಂಗಳು ನಮ್ಮ ಸಭೆಯ ಇನ್ನೊಬ್ಬ ಹುಡುಗನ ಹೆಸರು ಓದುತ್ತಿದ್ದಾರೆ. ಮೊದಲ ವಾರ ಅವನು ನನ್ನತ್ತ ನೋಡಿ ತಲೆ ತಗ್ಗಿಸಿದ. ಎರಡನೆಯ ವಾರ, ಹೊರಗೆ ಚಪ್ಪಲಿ ಮೆಟ್ಟುವಾಗ, ಸಂಜೆ ಹೊತ್ತು ಮನೆಯಲ್ಲಿರುತ್ತೀರೇನ್ರಿ ಎಂದು ಕೇಳಿದ. ಇರುತ್ತೇನೆ ಎಂದೆ. ದಿನವೂ ಆಫೀಸಿನಿಂದ ಲಗೂ ಬಂದು ಬಾಗಿಲು ತೆರೆದಿಟ್ಟುಕೊಂಡು ಕೂಡುತ್ತಿದ್ದೇನೆ. ಇವತ್ತು ಶನಿವಾರ. ಅವನು ಇನ್ನೂ ಬಂದಿಲ್ಲ.